ಅಂಗಡಿ ಮೇಲೆ ಇನ್ನೊಂದು ಮಹಡಿ: ಬಂದು ನೋಡೋರು ಯಾರು?

ತೊಂಡೇಬಾವಿ: ರೈಲು ನಿಲ್ದಾಣ, ಸಿಮೆಂಟ್ ಕಾರ್ಖಾನೆ ಇರೋ ಈ ಹೋಬಳಿ ಕೇಂದ್ರದಲ್ಲಿ ಅಂಗಡಿ ಮಳಿಗೆ ಕಟ್ಟಬೇಕಾದರೆ ಗ್ರಾಮ ಪಂಚಾಯಿತಿ ಪರವಾನಗಿ ಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಹೇಳೋದು ಅದನ್ನೇ. ಆದರೆ ಪಾಯ, ಪಿಲ್ಲರ್, ಕಂಬಿ ನೋಡೋಕೆಂದೇ ಪಂಚಾಯಿತಿಯಲ್ಲಿ ಪ್ರತ್ಯೇಕ ಹುದ್ದೆ ಇಲ್ಲ. ಕುಡಿಯುವ ನೀರು, ಉದ್ಯೋಗ ಖಾತರಿ, ಇ-ಸ್ವತ್ತು, ಕಂದಾಯದ ನಡುವೆ ಪಿಡಿಒ ಅವರೇ ಇದನ್ನೂ ನೋಡಬೇಕು.

ಎಂಜಿನಿಯರ್ ಇದ್ದುಬಿಟ್ಟರೆ ಸಾಕಾ? ಸಾಲದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಸಂಕೀರ್ಣ ಕುಸಿದು 19 ಮಂದಿ ಸತ್ತರು. ಅದು ಎಂಜಿನಿಯರ್‌ಗಳಿರೋ ಮಹಾನಗರ ಪಾಲಿಕೆ ವ್ಯಾಪ್ತಿ. ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಅಂಗಡಿಗಳು ತೆರೆದಿದ್ದವು. ಕಾಗದದ ಮೇಲಿನ ಅನುಮತಿ ಬೇರೆ. ಪಾಯ ತೋಡಿದಾಗ, ಮೋಲ್ಡ್ ಹಾಕೋ ಮುಂಚೆ ಸ್ಥಳಕ್ಕೆ ಬಂದು ನೋಡೋದು ಬೇರೆ.

ಕಟ್ಟಡ ಮಾಲೀಕರದ್ದು, ದಿನವಿಡೀ ಅದರ ಕೆಳಗೆ ಕೂರೋರು ಬಾಡಿಗೆ ಅಂಗಡಿಯವರು. ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಎಷ್ಟು ಮಹಡಿಗೆ ಅನುಮತಿ ಇದೆ ಅಂತ ಪರವಾನಗಿ ಪ್ರತಿ ಕೇಳಿ ನೋಡಬೇಕು. ಮಾಲೀಕರು ತೋರಿಸದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಪಂಚಾಯಿತಿಗೇ ಅರ್ಜಿ ಹಾಕಬಹುದು. ಮಹಡಿ ಏರಿಸುವ ಮುಂಚೆ ಎಂಜಿನಿಯರ್ ತಪಾಸಣೆ ಆಗಲೇಬೇಕು ಅನ್ನೋ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಇಡೋದಕ್ಕೂ ಯಾರ ಅಪ್ಪಣೆ ಬೇಕಿಲ್ಲ.