ಲಾಠಿಗೆ ಕಾಯದೆ ಉಂಟು, ರೊಟ್ಟಿಗೆ ಯಾಕಿಲ್ಲ?

ಗಿರಣಿ ಕಾಮಗಾರ ಬಂಧುಗಳೇ, ಸಣ್ಣ ವ್ಯಾಪಾರಸ್ಥರೇ,

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ಮಾತನಾಡಿದರು. 12 ಗಂಟೆಗೆ ದೇಶಕ್ಕೆ ಬೀಗ ಬಿತ್ತು. ನಡುವೆ ಇದ್ದದ್ದು ನಾಲ್ಕೇ ತಾಸು. ಆ ನಾಲ್ಕು ತಾಸಿನಲ್ಲಿ ಬೆಟಗೇರಿಯ ನೇಕಾರ ಎಷ್ಟು ಜೋಳ ಕೂಡಿಟ್ಟಾನು? ಗೋವೆಗೆ, ಮಂಗಳೂರಿಗೆ ದುಡಿಯಹೋದ ಶಿರಹಟ್ಟಿ-ಮುಂಡರಗಿ ಕಡೆಯ ತಾಂಡಾದ ಕೂಲಿಕಾರ ಎಷ್ಟು ದೂರ ನಡೆದಾನು? ರೋಗ ಹೊಸದು, ಸರಕಾರ ತಾನೇ ಏನು ಮಾಡೀತು ಎಂದು ಇಂದಿಗೂ ಹೇಳುವವರಿದ್ದಾರೆ. ರೋಗ ಹೊಸದು, ನಿಜ. ಆಳುವ ರೀತಿ ಮಾತ್ರ ಹಳೆಯದು.

1897ರಲ್ಲಿ ಪ್ಲೇಗು ಬಂದಾಗ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯದೆ ಮಾಡಿತು. ನಾಲ್ಕೇ ಕಲಮುಗಳು. ಅಧಿಕಾರಿಗೆ ಬೇಕಾದ ಅಪ್ಪಣೆ ಹೊರಡಿಸುವ ಹಕ್ಕು, ಮೀರಿದವನಿಗೆ ಶಿಕ್ಷೆ, ಅಧಿಕಾರಿಯ ಮೇಲೆ ದಾವೆ ಹೂಡದಂತೆ ರಕ್ಷಣೆ. ಆಗಿನ ಧಾರವಾಡ ಜಿಲ್ಲೆಯಲ್ಲಿ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅವರ ಹೊಟ್ಟೆಯ ಬಗ್ಗೆ ಆ ಕಾಯದೆಯಲ್ಲಿ ಒಂದು ಅಕ್ಷರವಿರಲಿಲ್ಲ. ಪರಕೀಯರ ಸರಕಾರ, ಬಿಡಿ. ಆದರೆ 2020ರಲ್ಲಿ ನಮ್ಮದೇ ಸರಕಾರ ಕಪಾಟಿನಿಂದ ತೆಗೆದದ್ದು ಅದೇ ಕಾಯದೆಯನ್ನು! ಅದೇ ವರ್ಷ ಕರ್ನಾಟಕ ತನ್ನದೇ ಹೊಸ ಕಾಯದೆ ಮಾಡಿತು. ಅದರಲ್ಲಿಯೂ ದಂಡವುಂಟು, ಸೆರೆಮನೆಯುಂಟು. ಬೀಗ ಹಾಕಿದ ದಿನಗಳ ಕೂಲಿ ಯಾರು ಕೊಡಬೇಕೆಂಬ ಮಾತಿಲ್ಲ.

ಕೂಲಿಯ ಮಾತು ಬಂದದ್ದು ಮಾರ್ಚ್ 29ರ ಕೇಂದ್ರದ ಆಜ್ಞೆಯಲ್ಲಿ. ಕೆಲಸ ನಿಂತರೂ ಮಾಲಕರು ಪೂರ್ತಿ ಪಗಾರ ಕೊಡತಕ್ಕದ್ದು ಎಂದಿತು. ಬಲು ಒಳ್ಳೆಯದು! ಆದರೆ ಸರಕಾರ ತನ್ನ ಬೊಕ್ಕಸದಿಂದ ಆ ಪಗಾರಕ್ಕೆ ಎಷ್ಟು ಕೂಡಿಸಿತು? ಆ ಆಜ್ಞೆಯಲ್ಲಿ ಅದರ ಮಾತೇ ಇಲ್ಲ. ನೂರಾರು ಜನರ ಗಿರಣಿಗೂ, ಇಬ್ಬರು ಆಳುಗಳ ಕಿರಾಣಿ ಅಂಗಡಿಗೂ ಒಂದೇ ತಕ್ಕಡಿ. ಮಾಲಕರು ಸುಪ್ರೀಂ ಕೋರ್ಟಿಗೆ ಹೋದರು. ಮೇ 18ರಿಂದ ಆಜ್ಞೆಯೇ ಇಲ್ಲವಾಯಿತು. ಅಂಗಡಿಕಾರನಿಗೆ ಸಿಕ್ಕಿದ್ದು ಸಾಲದ ಕಂತಿಗೆ ವಾಯಿದೆ. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಕಾಮಗಾರ ಅಂಗಡಿಕಾರನನ್ನು, ಅಂಗಡಿಕಾರ ಕಾಮಗಾರನನ್ನು ಶಪಿಸುತ್ತ ಕುಳಿತರು. ಇಬ್ಬರ ಜೇಬನ್ನೂ ಬರಿದು ಮಾಡಿದವರು ದೂರ ನಿಂತು ದೀಪ ಹಚ್ಚಿರೆಂದರು.

ಕರ್ನಾಟಕ ಸರಕಾರದ ಕಥೆ ಕೇಳಿ. ಮೇ ಮೊದಲ ವಾರದಲ್ಲಿ ಮುಖ್ಯಮಂತ್ರಿಗಳು ಕಟ್ಟಡ ಕಂತ್ರಾಟದಾರರನ್ನು ಕಂಡರು. ಬೆನ್ನಿಗೇ ಪರಪ್ರಾಂತದ ಕೂಲಿಕಾರರು ಊರಿಗೆ ಮರಳುವ ರೈಲುಗಳು ರದ್ದಾದವು. ದೇಶವೆಲ್ಲ ಛೀ ಎಂದ ಮೇಲೆ ಮತ್ತೆ ಬಿಟ್ಟರು. ಮೇ 22ಕ್ಕೆ ಕಾರಖಾನೆಗಳಲ್ಲಿ ದಿನಕ್ಕೆ 10 ತಾಸು, ವಾರಕ್ಕೆ 60 ತಾಸು ದುಡಿಸಬಹುದೆಂಬ ಅಪ್ಪಣೆ ಹೊರಟಿತು. ಕಾಮಗಾರ ಸಂಘಗಳು ಹೈಕೋರ್ಟಿಗೆ ಹೋದವು. ಜೂನ್ 11ಕ್ಕೆ ಸರಕಾರ ಅದನ್ನು ನುಂಗಿಕೊಂಡಿತು. ಸಂಘವಿಲ್ಲದಿದ್ದರೆ? ಈ ಪ್ರಶ್ನೆಯನ್ನು ಪ್ರತಿಯೊಬ್ಬ ಗಿರಣಿ ಕಾಮಗಾರನೂ ತನಗೆ ತಾನೇ ಕೇಳಿಕೊಳ್ಳಲಿ.

ಇನ್ನು ಲಸಿಕೆ. ಸಿಡುಬಿನ ಲಸಿಕೆಗೆ ನಮ್ಮ ಹಿರಿಯರು, ಪೋಲಿಯೋ ಹನಿಗೆ ನಾವು ಸರಕಾರಕ್ಕೆ ಕಾಸು ಕೊಡಲಿಲ್ಲ. 2021ರ ಮೇ 1ರಿಂದ ಮಾತ್ರ ಒಂದೇ ಲಸಿಕೆಗೆ ಮೂರು ಬೆಲೆ: ಕೋವಿಶೀಲ್ಡ್ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ 300, ಖಾಸಗಿ ದವಾಖಾನೆಗೆ 600. ಗದಗಿನ ಪೇಟೆಯಲ್ಲಿ ಶೇಂಗಾ ವ್ಯಾಪಾರಿ ಹೀಗೆ ಮೂರು ದರ ಹೇಳಿದರೆ ಯಾರಾದರೂ ಸುಮ್ಮನಿದ್ದಾರೆಯೇ? 18ರಿಂದ 44ರ ವಯಸ್ಸಿನವರು ಹಣ ಕೊಡಬೇಕೆಂಬ ಈ ನೀತಿ ಮೇಲ್ನೋಟಕ್ಕೇ ಮನಬಂದಂತಿದೆ, ಅವಿವೇಕದ್ದಾಗಿದೆ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆಮೇಲೆ ಜೂನ್ 21ರಿಂದ ಪುಕ್ಕಟೆ ಎಂದರು. ಆಗಲೂ ನಾಲ್ಕರಲ್ಲೊಂದು ಪಾಲು ಖಾಸಗಿಯವರಿಗೆ!

ಏನೂ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. ರೇಶನ್ ಅಂಗಡಿಯಿಂದ ತಲೆಗೆ 5 ಕಿಲೋ ಧಾನ್ಯ ಬಂತು. ಆಶಾ ಕಾರ್ಯಕರ್ತೆಯರು ಓಣಿ ಓಣಿ ತಿರುಗಿದರು. ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆ ಜಿಲ್ಲೆಯ ರೋಗಿಗಳನ್ನು ನೋಡಿಕೊಂಡಿತು. ಗಮನಿಸಿರಿ: ಬಡವನ ಕೈ ಹಿಡಿದದ್ದೆಲ್ಲ ಸಾರ್ವಜನಿಕ ಸಂಸ್ಥೆಗಳೇ. ಹಾಗಿದ್ದೂ 2025ರೊಳಗೆ ರಾಷ್ಟ್ರದ ಉತ್ಪನ್ನದ ಶೇಕಡಾ 2.5 ಭಾಗವನ್ನು ಆರೋಗ್ಯಕ್ಕೆ ತೆಗೆದಿಡುವೆವೆಂದು 2017ರಲ್ಲಿ ಬರೆದುಕೊಟ್ಟ ಸರಕಾರ ಆ ಗುರಿ ಮುಟ್ಟಲಿಲ್ಲ. ಲಕ್ಷ್ಮೇಶ್ವರದಲ್ಲೋ ಮುಂಡರಗಿಯಲ್ಲೋ ಉಸಿರು ಕಟ್ಟಿದವನಿಗೆ ಗದಗಿನ ದಾರಿಯೇ ಗತಿಯಾಗಬೇಕೇ?

ನಮ್ಮ ಬೇಡಿಕೆಗಳು ನಾಲ್ಕು. ಊರಿಗೆ ಬೀಗ ಹಾಕುವ ಕಾಯದೆಯಲ್ಲಿಯೇ ಬೀಗದ ದಿನಗಳ ಕೂಲಿಯನ್ನು ಸರಕಾರದ ಬೊಕ್ಕಸದ ಮೇಲೆ ಬರೆಯಿರಿ. ಅಷ್ಟು ದಿನದ ಅಂಗಡಿ ಬಾಡಿಗೆ, ಬಡ್ಡಿಗಳ ಹೊರೆಯನ್ನು ಸಣ್ಣ ವ್ಯಾಪಾರಿಯ ಮೇಲಿಂದ ಇಳಿಸಿರಿ. ಲಸಿಕೆ ಎಂದೆಂದಿಗೂ ಪುಕ್ಕಟೆಯಾಗಲಿ. ಪ್ರತಿ ತಾಲೂಕಿನ ದವಾಖಾನೆಯಲ್ಲಿ ಆಮ್ಲಜನಕ, ಹಾಸಿಗೆ, ಡಾಕ್ಟರು ಇರಲಿ.

1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದ ರೈತರು ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಅವರು ಕಟ್ಟಿದ್ದು ಬರಗಾಲವನ್ನೂ ಸಾಹುಕಾರನ ಬಡ್ಡಿಯನ್ನೂ ಕಂಡುಂಡ ಮೇಲೆ. ನಾವೂ ಕಂಡುಂಡಿದ್ದೇವೆ. ಮುಂದಿನ ರೋಗ ಬಾಗಿಲಿಗೆ ಬಂದ ಮೇಲೆ ಕೂಗಿದರೆ ಕೇಳುವವರಿಲ್ಲ. ಓಣಿಗೊಂದು ಆರೋಗ್ಯ ಸಮಿತಿ ಕಟ್ಟಿರಿ. ಕಾಮಗಾರ, ಅಂಗಡಿಕಾರ ಕೂಡಿಯೇ ಕಟ್ಟಿರಿ. ಓಟು ಕೇಳಲು ಬಂದವರ ಮುಂದೆ ಈ ನಾಲ್ಕು ಬೇಡಿಕೆಗಳನ್ನಿಟ್ಟು ಉತ್ತರ ಕೇಳಿರಿ.