ಪಾಯದ ದಿನ ಕಾಣದ್ದು ಮೀಟರಿನ ದಿನ ಕಾಣುತ್ತೆ!

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಕ್ರಾಸುಗಳಲ್ಲಿ ಹಳೇ ಒಂಟಿ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಮುಂದೆ ತೆಂಗಿನಮರ, ಹಿಂದೆ ಬಟ್ಟೆ ಒಗೆಯೋ ಕಲ್ಲು ಇದ್ದ ಜಾಗದಲ್ಲೀಗ ನಾಲ್ಕಂತಸ್ತು. ಬಸ್ಸಿನ ಕಿಟಕಿಯಿಂದ ನೋಡಿದವರು "ದುರಾಸೆ" ಅಂತಾರೆ. ದುರಾಸೆ ಇಲ್ಲವೆಂದಲ್ಲ, ಆದರೆ ಲೆಕ್ಕವನ್ನೂ ನೋಡಬೇಕು.

ಮೂವತ್ತು-ನಲವತ್ತರ ಸೈಟೆಂದರೆ 1,200 ಚದರಡಿ. 2007ರಲ್ಲಿ ಜಾರಿಗೆ ಬಂದ ನಗರದ ಮಾಸ್ಟರ್ ಪ್ಲಾನು ಸಣ್ಣ ಸೈಟಿಗೆ ಕೊಟ್ಟದ್ದು 1.75 ಪಟ್ಟು. ಎಲ್ಲ ಮಹಡಿ ಸೇರಿ 2,100 ಚದರಡಿ. ಅಪ್ಪ ಕಟ್ಟಿಸಿದ ಮನೆಯಲ್ಲಿ ಮೂವರು ಗಂಡುಮಕ್ಕಳಿದ್ದರೆ ತಲಾ 700. ಮೆಟ್ಟಿಲು, ಗೋಡೆ ಎಲ್ಲಾ ಅದರಲ್ಲೇ! ಒಂದು ಮನೆ ಬಾಡಿಗೆಗೆ ಕೊಟ್ಟು ಬ್ಯಾಂಕಿನ ಸಾಲ ತೀರಿಸೋಣವೆಂದರೆ ಜಾಗವೆಲ್ಲಿ? ಅದೇ ನೂರಡಿ ರಸ್ತೆಯಲ್ಲಿ ಐದೆಕರೆ ಇಟ್ಟುಕೊಂಡವರಿಗೆ 3.25 ಪಟ್ಟು.

ರಸ್ತೆಯ ಅಗಲ ನೋಡಿ ಹೀಗೆ ಮಾಡಿದ್ದು ಎನ್ನುತ್ತಾರೆ ಅಧಿಕಾರಿಗಳು. ಅದರಲ್ಲೂ ನ್ಯಾಯವಿದೆ. ಇಪ್ಪತ್ತಡಿ ಕ್ರಾಸಿನಲ್ಲಿ ಮನೆಮನೆಯೂ ನಾಲ್ಕಂತಸ್ತಾದರೆ ಫೈರ್ ಇಂಜಿನ್ ಎಲ್ಲಿಂದ ನುಗ್ಗಬೇಕು? ಗೋಡೆಗೆ ಗೋಡೆ ಅಂಟಿದರೆ ಪಕ್ಕದ ಮನೆಯವರು ಹಗಲಲ್ಲೂ ದೀಪ ಹಾಕಿ ಅಡುಗೆ ಮಾಡಬೇಕು, ಪಾಪ.

ಹೀಗಾಗಿ ಪ್ಲಾನಿನಲ್ಲಿ ಒಂದು, ಸೈಟಿನಲ್ಲಿ ಇನ್ನೊಂದು. ತಡೆಯಬೇಕಾದ್ದು ಪಾಯ ತೆಗೆಯುವ ದಿನ. ಅವತ್ತು ಯಾರೂ ಬರೋಲ್ಲ. ಬಂದರೂ ಬಂದದ್ದು ಯಾತಕ್ಕೆಂದು ಬೀದಿಗೆಲ್ಲ ಗೊತ್ತು.

2014ರಲ್ಲಿ ಸರ್ಕಾರ ಅಕ್ರಮ-ಸಕ್ರಮ ನಿಯಮ ತಂದು, ವಾಸದ ಮನೆಯಲ್ಲಿ ಶೇಕಡಾ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು ಹೊರಟಿತು. ಸೆಟ್‌ಬ್ಯಾಕ್ ಬಿಟ್ಟು ನೆಟ್ಟಗೆ ಕಟ್ಟಿದವನೇ ಪೆದ್ದನಾದ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟು, ಓ.ಸಿ. ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಎಂದಿತು. ಸಾಲ ಮಾಡಿ ಗೃಹಪ್ರವೇಶಕ್ಕೆ ದಿನ ಇಡಿಸಿದವರು ಮೀಟರಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ 2025ರಲ್ಲಿ ಸರ್ಕಾರ, 1,200 ಚದರಡಿವರೆಗಿನ ಸೈಟಿನಲ್ಲಿ ನೆಲಮಹಡಿ ಮೇಲೆ ಎರಡು, ಇಲ್ಲವೇ ಪಾರ್ಕಿಂಗ್ ಮೇಲೆ ಮೂರು ಮಹಡಿಯ ಮನೆಗಳಿಗೆ ಓ.ಸಿ. ಬೇಡವೆಂದಿತು.

ಸಣ್ಣವರಿಗೆ ಉಸಿರು ಬಂತು, ಸಂತೋಷ. ಪತ್ರ ಬೇಡವೆಂದ ಮಾತ್ರಕ್ಕೆ ಪಕ್ಕದ ಮನೆಗೆ ಗಾಳಿ ಬರೋದಿಲ್ಲವಲ್ಲ! ಮೂವರು ಅಣ್ಣತಮ್ಮಂದಿರು ಬದುಕುವಷ್ಟು ಅಳತೆಯನ್ನು ಸಣ್ಣ ಸೈಟಿಗೆ ಗೊತ್ತುಮಾಡಲಿ. ಆಮೇಲೆ ಇಂಜಿನಿಯರ್ ಸಾಹೇಬರು ಪಾಯದ ದಿನವೇ ಟೇಪು ಹಿಡಿದು ಬಂದು, ಅಳೆದು, ರುಜು ಹಾಕಿ ಹೋಗಲಿ. ನಾಳೆ ಗೋಡೆ ಮೂರಡಿ ಮುಂದೆ ಬಂದರೆ ಮನೆಯವರ ಜೊತೆ ಆ ರುಜುವನ್ನೂ ಕರೆಸಿ ಕೇಳಬಹುದು.