ಜೊತೆಗೆ ಕೂರುವವರು ಬೇಕು

ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ ಹತ್ತಿದರೆ ಧಾರವಾಡ ದೂರವಲ್ಲ. ಅಲ್ಲಿ 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆಯೇ ಇಂದಿನ ಡಿಮ್ಹಾನ್ಸ್. ಹೆಸರು ಬದಲಾದರೂ ಜನರ ಬಾಯಲ್ಲಿ ಅದಿನ್ನೂ ‘ಹುಚ್ಚರ ಆಸ್ಪತ್ರೆ’. ಈ ಒಂದು ಮಾತಿಗೆ ಅಂಜಿ, ಕಂಗೆಟ್ಟ ಮಗನನ್ನೋ ಮಗಳನ್ನೋ ಮನೆಯೊಳಗೇ ಮುಚ್ಚಿಡುವ ತಂದೆ-ತಾಯಿ ಇದ್ದಾರೆ.

ಕಾನೂನು ನಮಗಿಂತ ಮೃದುವಾಗಿದೆ. 18 ತುಂಬದವರನ್ನು ದಾಖಲಿಸಿಕೊಂಡರೆ ದೊಡ್ಡವರಿಂದ ಬೇರೆಯಾಗಿ, ವಯಸ್ಸಿಗೆ ಒಪ್ಪುವ ವಾತಾವರಣದಲ್ಲಿ ಇರಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಂ. ಪಾಲಕರು ಅಥವಾ ಅವರು ನೇಮಿಸಿದವರು ಅಷ್ಟೂ ದಿನ ಮಗುವಿನ ಜೊತೆಗೇ ಇರಬೇಕು. ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಯ ಬದಲು ಆರೈಕೆ ನೀಡಬೇಕೆಂಬುದು 115ನೇ ಕಲಮಿನ ಸಾರ.

ಆದರೆ ವಾರ್ಡಿನಲ್ಲಿ ನಡೆಯುವುದೆಲ್ಲ ಕಲಮಿಗೆ ಸಿಗುವುದಿಲ್ಲ. ಸೂಜಿ ಚುಚ್ಚುವ ಮೊದಲು ಹೆಸರು ಹಿಡಿದು ಕರೆಯುವುದು, ಏನು ಮಾಡುತ್ತಿದ್ದೇವೆಂದು ಹೇಳುವುದು, ಹದಿನೈದರ ಹುಡುಗಿ ಮಾತು ಬಾರದೆ ಕುಳಿತಾಗ ಅವಸರಿಸದೆ ಕಾಯುವುದು—ಇವೂ ಚಿಕಿತ್ಸೆಯೇ. ‘ನಿನಗೇನು ಕಡಿಮೆಯಾಗಿತ್ತು?’ ಎಂಬ ಪ್ರಶ್ನೆ ಮಾತ್ರ ಬೇಡ. ಅದು ಮಗುವಿಗೆ ಆರೋಪಪಟ್ಟಿಯಂತೆ ಕೇಳಿಸುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ದಿನಗಳಲ್ಲಂತೂ ಮನೆಯವರು, ಶಿಕ್ಷಕರು, ನೆರೆಯವರು ಅಂಕ ಕೇಳುವ ಮೊದಲು ಮುಖ ನೋಡಲಿ. ಮಗು ಸಾವಿನ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098: ಎರಡೂ ಉಚಿತ, ಹಗಲೂ ರಾತ್ರಿ ಲಭ್ಯ. ಈ ಸಂಖ್ಯೆಗಳನ್ನು ಇಂದೇ ಮನೆಯ ಗೋಡೆಗೆ ಅಂಟಿಸಿ.